ಹನ್ನೊಂದು ಹಿಕ್ಕಿ

ಸೋಮವಾರ ಮುಂಜಾನೆ ಕಸ ಹೊಡಿಯೂಮುಂದ ನೋಡಿದೆ,
ಪಂಜರದಾಗ ಒಂದು ಹಿಕ್ಕಿ ಇಲ್ಲ.
ದಿನಾ ಬೈಕೋತ ಬಳಿಯೂ ಆ ಕರೀ ಕಾಳು
ಇವತ್ತ್ಯಾಕ ಇಲ್ಲ ಅಂತ
ಕಸಬರಗಿ ಹಿಡಕೊಂಡು ಹಂಗ ಕುಂತೆ.

ಹಂಜಿ ಅಂತ ಹೆಸರಿಟ್ಟವರು ಇವರು.
ನೂಲೂ ಮೊದಲಿನ ಹತ್ತಿ ಸುರುಳಿಯಂಗ
ಬೆಳ್ಳಗ, ಎತ್ತಿದರ ತೂಕ ಇಲ್ಲ.
ಈಗ ಮೂಲ್ಯಾಗ ಬೆನ್ನು ಗೂನು ಮಾಡಿ
ಹಲ್ಲು ಕಡಕೋತ ಕುಂತಿತ್ತು.
ಸಿಟ್ಟಿನ ಕಡಿತ ಅಲ್ಲ ಅದು. ಓಂಕಾರ ಹುಟ್ಟಿದ ರಾತ್ರಿ
ನಾನೂ ಹಂಗ ಕಡದಿದ್ದೆ.

ಗಜ್ಜರಿ ಇಟ್ಟೆ. ಮೂಸಲಿಲ್ಲ.
ಓಂಕಾರ ಸಾಲಿ ಚೀಲದಿಂದ ಬಿಸ್ಕೀಟ ತಗದ. ಮಾರಿ ತಿರುವಿತು.
ಆಗ ಹೊರಗ ಬಿತ್ತು:
ತಿಂಗಳಿಡೀ ಬಿಸ್ಕೀಟ, ಪೋಹೆ,
ಶೇಂಗಾ ಹಿಂಡಿ ಹಚ್ಚಿದ ಕಟಿರೊಟ್ಟಿ ತುಂಡು,
ಹುಲ್ಲೊಂದು ಬಿಟ್ಟು ಎಲ್ಲಾ ಕೊಟ್ಟಾನ ಮಗ,
ಪ್ರೀತಿಲೆ.

ದನದ ದವಾಖಾನಿಯೊಳಗ
ಎರಡು ಎಮ್ಮಿ, ಒಂದು ಕುಂಟ ಆಡು, ಆಮ್ಯಾಲ ನಮ್ಮ ಪಾಳಿ.
ಡಾಕ್ಟರ್ ಬಾಯಿ ಮರಾಠಿಯೊಳಗ ಕೇಳಿದರು,
ನಾ ಕನ್ನಡದಾಗ ಹೇಳಿದೆ,
ಆಡಿನವ ತೆಲುಗಿನಾಗ ತನ್ನದೊಂದು ಮಾತು ಸೇರಿಸಿದ.
ಎಮ್ಮಿಗಿ ಹಚ್ಚಿದ ಅದೇ ನಳಿಗಿ
ಹಂಜಿ ಹೊಟ್ಟಿಗಿ ಹಚ್ಚಿ, ಕಣ್ಣು ಮುಚ್ಚಿ,
"ಆವಾಜ ನಾಹೀ," ಅಂದರು.

ಇವರಿಗಿ ಅದು ಕೇಳಲಿಲ್ಲ.
ಅಕ್ಕಲಕೋಟ ರೋಡಿನ ಶೆಡ್ಡಿನಾಗ ಇಪ್ಪತ್ತೆಂಟು ವರ್ಷ ಜಾಬರ್,
ಯಾವ ಮಗ್ಗದ ಯಾವ ನಟ್ಟು ಸಡಲ್ಯಾದ ಅಂತ
ಸಪ್ಪಳದಾಗ ಹಿಡಿತಿದ್ದವರು.
ಆ ಸಪ್ಪಳನ ಎರಡೂ ಕಿವಿ ತಿಂದದ.
ಎದುರಿಗಿ ನಿಂತು, ತುಟಿ ದೊಡ್ಡದು ಮಾಡಿ ಹೇಳಿದೆ:
"ಒಳಗ ಮಗ್ಗ ನಿಂತದಂತ."
ಅಷ್ಟಂದ ಕೂಡಲೇ ಅಂಗಿ ತೋಳು ಮಡಚಿದರು.

ಒಂದು ಇಂಜೆಕ್ಷನ್, ಒಂದು ಬಾಟ್ಲಿ, ಸೂಜಿ ಇಲ್ಲದ ಪಿಚಕಾರಿ.
ಕುದುರಿಮಸಾಲಿ ನುಣ್ಣಗ ಅರದು, ನೀರಾಗ ಕಲಸಿ
ಎರಡು ತಾಸಿಗೊಮ್ಮೆ, ಬಾಯಿ ಬಗಲಿಂದ, ಸಾವಕಾಶ.
ಗಡಬಡ ಮಾಡಿದರ ನೆತ್ತಿಗಿ ಏರತದ.

ಟಾಂಗಾ ಸ್ಟ್ಯಾಂಡಿನಾಗ ಈಗ ಉಳದದ್ದು ಒಂದ ಕುದರಿ.
ಲಾಡಲೇಸಾಬ ನಕ್ಕ, "ಮೊಲಕ್ಕ?" ಅಂದ,
ಕುದರಿ ಬಾಯಿಮುಂದಿನ ಬುಟ್ಟಿಗಿ ಕೈ ಹಾಕಿ
ಎರಡು ಹಿಡಿ ಕೊಟ್ಟ. ರೊಕ್ಕ ಮುಟ್ಟಲಿಲ್ಲ.
ಕುದರಿ ನಮ್ಮನ್ನ ನೋಡಿಕೋತ ನಿಂತಿತ್ತು.

ಅಂಚು ತಪ್ಪ್ಯಾದಂತ ಶೇಠ ಪಗಾರದಾಗ ಹಿಡದ ಟಾವೆಲ್,
ಅದರಾಗ ಹಂಜಿನ ಸುತ್ತಿ, ಕಿವಿ ಎರಡು ಹೊರಗ ಬಿಟ್ಟು
ನಾ ಹಿಡದೆ. ಹರದ ಎಳಿ ಗಂಟು ಹಾಕೂ ಬೆರಳಿನಿಂದ
ಇವರು ಒತ್ತಿದರು, ಹನಿ, ಮತ್ತೊಂದು ಹನಿ.
ಓಂಕಾರ ವಹಿಯೊಳಗ ಬರದ:
ಒಂಬತ್ತಕ್ಕ ಐದು. ಹನ್ನೊಂದಕ್ಕ ನಾಕು.
ಅಪ್ಪನ ಅಂಗಿಗಿ ಒಂದು.

ಬಾಜೂಮನಿ ನರಸಮ್ಮ ಬೀಡಿ ಮೊರ ತೊಡಿಮ್ಯಾಲ ಇಟಗೊಂಡು
ಹೊಸ್ತಿಲದಿಂದ ಕೇಳಿದಳು, "ಹಾಕಿತೇನ?"
ನಳದ ಕಡೆ ಅದ, ಕಿರಾಣಿಯೊಳಗ ಅದ.
ಯಾರ ಮನ್ಯಾಗ ಯಾರು ಉಂಡಿಲ್ಲ ಅಂತ ಕೇಳದ ಗಲ್ಲಿ
"ಹಾಕಿತೇನ? ಹಾಕಿತೇನ?"

ರಾತ್ರಿ ಮೂರಕ್ಕ
ಚಾಲೂ ಮಗ್ಗದ ಚೌಕಟ್ಟಿಗಿ ಕೈ ಇಟ್ಟಂಗ
ಇವರು ಹೊಟ್ಟಿಮ್ಯಾಲ ಅಂಗೈ ಇಟ್ಟು ಕುಂತಿದ್ದರು.
"ಅದ," ಅಂದರು.
ನಾ ಕಿವಿ ಇಟ್ಟೆ. ಏನೂ ಇಲ್ಲ.
ನನ್ನ ಕೈ ಎಳದು ಅಲ್ಲೇ ಹಚ್ಚಿದರು.
ಗುಳ್ಳಿಯೊಂದು ಸರೀತು, ಬೆರಳಿನ ಕೆಳಗ,
ಬಾಡಿಗಿ ಮನಿಯೊಳಗ ಯಾರೋ ಕತ್ತಲದಾಗ ಪಾತ್ರಿ ಸರಿಸಿದಂಗ.

ಹನ್ನೊಂದು.
ಸಣ್ಣವು, ವಾಕಡಾ, ಎರಡು ಕೂದಲೆಳಿಯೊಳಗ ಪೋಣಿಸಿದ್ದು.
ಓಂಕಾರ ಮೂರು ಸಲ ಎಣಿಸಿದ.
ನರಸಮ್ಮ ಬಂದು ಬಗ್ಗಿ ನೋಡಿ, ಹೌದು ಅಂದಳು.
ಮಧ್ಯಾಹ್ನತನಕ ನಾ ಕಸ ಹೊಡಿಲಿಲ್ಲ.

ಸಂಜಿಗಿ ತಾನ ಒಂದು ಕಡ್ಡಿ ಎಳಕೊಂಡಿತು.
"ತಿನ್ನತದ?" ಅಂತ ಕೇಳಿದರು ಇವರು. "ಸಪ್ಪಳ ಹೆಂಗದ?"
ಹೇಳಾಕ ಬಾಯಿ ತಗದು, ಬಿಟ್ಟು,
ಅವರ ಅಂಗೈ ತಿರುವಿ
ಉಗುರಿನಿಂದ ಮೆಲ್ಲಗ ಕೆರದು ತೋರಿಸಿದೆ.